ಇಂಗ್ಲಿಷಲ್ಲಿ "ಸುಮ್ನಿರು" ಅನ್ನೋಕೆ ಯಾವ ಪದ? ಸೈಲೆಂಟ್, ಕ್ವಾಯಟ್, ಸ್ಟಿಲ್, ಮ್ಯೂಟ್ ಸರಿಯಾಗಿ ಬಳಸೋದು ಹೇಗೆ – ಹಂತ ಹಂತವಾಗಿ

ಸಂಜೆ ಹೊತ್ತು ನಮ್ಮನೇಲಿ ಹತ್ತು ಹನ್ನೆರಡು ಜನಕ್ಕೆ ಇಂಗ್ಲಿಷ್ ಹೇಳ್ಕೊಡ್ತೀನಿ. ಡಿಗ್ರಿ ಮುಗ್ಸಿ ಕೆಲಸ ಹುಡುಕ್ತಿರೋ ಹುಡುಗರು, ನರ್ಸಿಂಗ್ ಮಾಡಿ ಹೊರದೇಶಕ್ಕೆ ಹೋಗೋಕೆ ಪರೀಕ್ಷೆ ಕಟ್ಟಿರೋರು, ಸೊಸೆ ಜೊತೆ ಇಂಗ್ಲಿಷಲ್ಲಿ ನಾಲ್ಕು ಮಾತಾಡ್ಬೇಕು ಅಂತ ಬರೋ ಅತ್ತೆಯಂದಿರು, ಎಲ್ಲ ಥರದೋರೂ ಇದ್ದಾರೆ. ತಪ್ಪುಗಳು ಒಬ್ಬೊಬ್ರದ್ದು ಒಂದೊಂದು, ಆದ್ರೆ ಒಂದು ಜಾಗದಲ್ಲಿ ಮಾತ್ರ ಎಲ್ರೂ ಸಾಲಾಗಿ ಎಡವ್ತಾರೆ, ಅದು ಸುಮ್ನಿರೋದು ಅನ್ನೋದನ್ನ ಇಂಗ್ಲಿಷಲ್ಲಿ ಹೇಳೋ ಜಾಗ. "ಐ ಆಮ್ ಅ ಸೈಲೆಂಟ್ ಪರ್ಸನ್", "ಪ್ಲೀಸ್ ಬಿ ಸೈಲೆನ್ಸ್", "ವಿ ಅಬ್ಸರ್ವ್ಡ್ ಟು ಮಿನಿಟ್ಸ್ ಸೈಲೆಂಟ್". ತಿದ್ದಿದ್ರೆ ಆ ವಾಕ್ಯ ಸರಿಯಾಗತ್ತೆ, ಮುಂದಿನ ವಾರ ಬೇರೆ ವಾಕ್ಯದಲ್ಲಿ ಅದೇ ತಪ್ಪು ವಾಪಸ್ ಬರತ್ತೆ.

ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡ್ಸಿ ನೋಡ್ದೆ, ಪ್ರಯೋಜನ ಆಗ್ಲಿಲ್ಲ. ಆಮೇಲೆ ಒಂದಷ್ಟು ದಿನ ಅವರು ಇಂಗ್ಲಿಷ್ ವಾಕ್ಯ ಹೇಳೋಕೆ ಮುಂಚೆ ಮನಸ್ಸಲ್ಲಿ ಯಾವ ಕನ್ನಡ ವಾಕ್ಯ ಇತ್ತು ಅಂತ ಕೇಳೋಕೆ ಶುರು ಮಾಡ್ದೆ, ಆಗ ಗೊತ್ತಾಯ್ತು, ಎಲ್ಲ ತಪ್ಪಿನ ಬೇರೂ ನಮ್ಮ "ಸುಮ್ನೆ" ಅನ್ನೋ ಪದದಲ್ಲಿದೆ. ಅಷ್ಟು ಚಿಕ್ಕ ಪದ ಏಳೆಂಟು ಕೆಲಸ ಮಾಡತ್ತೆ, ಇಂಗ್ಲಿಷಲ್ಲಿ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಪದ ಬೇಕು. ಅದಕ್ಕೆ ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ. ಮೊದಲ ಎರಡು ಹಂತ ಬಿಟ್ಟು ನೇರವಾಗಿ ಮೂರನೇದಕ್ಕೆ ಹೋದೋರು ಯಾರೂ ನನ್ನ ಹತ್ರ ಸರಿಯಾಗಿ ಕಲ್ತಿಲ್ಲ.

## ಶುರು ಮಾಡೋಕೆ ಮುಂಚೆ ಏನೇನು ಬೇಕು

ಮೊದಲನೇದು, ಇಂಗ್ಲಿಷ್–ಇಂಗ್ಲಿಷ್ ಡಿಕ್ಷನರಿ, ಅದರಲ್ಲೂ ಕಲಿಯೋರಿಗೆ ಅಂತಲೇ ಮಾಡಿರೋದು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ಆನ್‌ಲೈನಲ್ಲಿ ಫ್ರೀಯಾಗಿ ಸಿಗತ್ತೆ, ಸ್ಪೀಕರ್ ಗುರುತು ಒತ್ತಿದ್ರೆ ಉಚ್ಚಾರಣೆನೂ ಕೇಳ್ಸತ್ತೆ. ಇಂಗ್ಲಿಷ್–ಕನ್ನಡ ಡಿಕ್ಷನರಿ ಈ ಕೆಲಸಕ್ಕೆ ಬೇಡ, ಯಾಕಂದ್ರೆ ಅದರಲ್ಲಿ ಯಾವ ಪದ ನೋಡಿದ್ರೂ ಸುತ್ತಿ ಸುತ್ತಿ "ಮೌನ" ಅನ್ನೋದಕ್ಕೇ ಬಂದು ನಿಲ್ಲತ್ತೆ, ವ್ಯತ್ಯಾಸ ಏನು ಅಂತ ಗೊತ್ತಾಗಲ್ಲ. ಟ್ರಾನ್ಸ್‌ಲೇಷನ್ ಆ್ಯಪ್‌ಗೂ ಇದೇ ತೊಂದ್ರೆ, ಸಂದರ್ಭ ಹೇಳದೆ ಬರೀ "ಸುಮ್ನಿರು" ಅಂತ ಹಾಕಿದ್ರೆ ನೀವು ಮಗುಗೆ ಹೇಳ್ತಿದ್ದೀರೋ ಮ್ಯಾನೇಜರ್‌ಗೆ ಹೇಳ್ತಿದ್ದೀರೋ ಅದಕ್ಕೇನು ಗೊತ್ತು.

ಎರಡನೇದು ಒಂದು ನೋಟ್‌ಬುಕ್. ಮೂರನೇದು ಫೋನಲ್ಲಿರೋ ವಾಯ್ಸ್ ರೆಕಾರ್ಡರ್, ಅದು ಒಂಬತ್ತನೇ ಹಂತಕ್ಕೆ ಬೇಕು.

## ಹಂತ 1: ಕನ್ನಡದ "ಸುಮ್ನೆ"ಯನ್ನ ಬಿಡಿಸಿಟ್ಕೊಳ್ಳಿ

ನೋಟ್‌ಬುಕ್ಕಲ್ಲಿ ಈ ವಾಕ್ಯಗಳನ್ನ ಬರ್ಕೊಳ್ಳಿ, ಪಕ್ಕದಲ್ಲಿ ಜಾಗ ಬಿಡಿ.

ಟೀಚರ್ ಮಕ್ಕಳಿಗೆ "ಸುಮ್ನೆ ಕೂತ್ಕೊಳ್ಳಿ" ಅಂತಾರೆ, ಅಂದ್ರೆ ಗಲಾಟೆ ಬೇಡ. ಇಂಜೆಕ್ಷನ್ ಕೊಡೋ ಸಿಸ್ಟರ್ "ಸುಮ್ನಿರಿ ಒಂದ್ನಿಮಿಷ" ಅಂತಾರೆ, ಅಂದ್ರೆ ಕೈ ಅಲ್ಲಾಡಿಸ್ಬೇಡಿ, ಮಾತಾಡಿದ್ರೆ ಅವರಿಗೇನೂ ತೊಂದ್ರೆ ಇಲ್ಲ. ಅಜ್ಜಿ ಅಳೋ ಮಗುಗೆ "ಸುಮ್ನಿರು ಕಂದ" ಅಂತಾರೆ, ಅದು ಸಮಾಧಾನ. ಯಾರಾದ್ರೂ ಹೊಗಳಿದ್ರೆ "ಅಯ್ಯೋ ಸುಮ್ನಿರಿ, ನೀವೊಂದು" ಅಂತೀವಿ, ಅದು ಸಂಕೋಚ. "ಹೀಗೆ ಮಾಡಿದ್ರೆ ನಾನ್ ಸುಮ್ನಿರಲ್ಲ" ಅನ್ನೋದು ಬೆದರಿಕೆ. "ಸುಮ್ನೆ ಬಂದೆ" ಅಂದ್ರೆ ಕಾರಣ ಏನಿಲ್ಲ. "ಈಗ ಮನೇಲಿ ಸುಮ್ನೆ ಇದ್ದೀನಿ" ಅಂದ್ರೆ ಕೆಲಸ ಇಲ್ಲ.

ಈಗ ಇಂಗ್ಲಿಷ್ ನೋಡಿ. ಟೀಚರ್‌ದು "ಕ್ವಾಯಟ್, ಪ್ಲೀಸ್". ಸಿಸ್ಟರ್‌ದು "ಕೀಪ್ ಸ್ಟಿಲ್". ಅಜ್ಜಿದು "ಹಶ್" ಅಥವಾ "ಶ್, ಇಟ್ಸ್ ಓಕೆ". ಹೊಗಳಿಕೆಗೆ "ಓ, ಸ್ಟಾಪ್ ಇಟ್". ಬೆದರಿಕೆಗೆ "ಐ ವೋಂಟ್ ಲೆಟ್ ದಿಸ್ ಗೋ". ಸುಮ್ನೆ ಬಂದಿದ್ದಕ್ಕೆ "ಐ ಜಸ್ಟ್ ಡ್ರಾಪ್ಡ್ ಇನ್", ನಾವು ಹೇಳೋ "ಸಿಂಪ್ಲಿ ಐ ಕೇಮ್" ನಮ್ಮ ಕಡೆ ಬಿಟ್ರೆ ಹೊರಗಿನೋರಿಗೆ ಅರ್ಥ ಆಗೋದು ಕಷ್ಟ. ಕೆಲಸ ಇಲ್ದೆ ಇರೋದಕ್ಕೆ "ಐಮ್ ನಾಟ್ ವರ್ಕಿಂಗ್ ಅಟ್ ದಿ ಮೊಮೆಂಟ್". ಏಳು ವಾಕ್ಯಕ್ಕೆ ಏಳು ದಾರಿ, ಸೈಲೆಂಟ್ ಅನ್ನೋ ಪದ ಒಂದರಲ್ಲೂ ಬರ್ಲಿಲ್ಲ ನೋಡಿ.

ಇಲ್ಲಿ ಆಗೋ ತಪ್ಪು: ಇದು ಗೊತ್ತಿರೋದೇ ಅಂತ ಓದಿ ಮುಂದೆ ಹೋಗೋದು. ದಯವಿಟ್ಟು ಬರೀರಿ. ಒಂದು ವಾರ ನೀವು ಮನೇಲಿ ಬಳಸೋ "ಸುಮ್ನೆ"ಗಳನ್ನ ಹಾಗೇ ಬರೀತಾ ಹೋಗಿ, ದಿನಕ್ಕೆ ಐದಾರಾದ್ರೂ ಸಿಗತ್ತೆ. ಹುಬ್ಬಳ್ಳಿ ಕಡೆಯೋರಾದ್ರೆ "ಗಪ್ ಕುಂದ್ರು" ಕೂಡ ಸೇರಿಸ್ಕೊಳ್ಳಿ.

## ಹಂತ 2: "ಏನು ಇಲ್ಲ?" ಅಂತ ಕೇಳ್ಕೊಳ್ಳಿ

ಮೌನ ಅಂದ್ರೆ ಏನೋ ಒಂದು ಇಲ್ಲ ಅಂತ. ಆ ಇಲ್ಲದೇ ಇರೋದು ಯಾವುದು ಅನ್ನೋದರ ಮೇಲೆ ಇಂಗ್ಲಿಷ್ ಪದ ನಿಂತಿದೆ.

ಸದ್ದು ಪೂರ್ತಿ ಇಲ್ಲ ಅಥವಾ ಮಾತು ಪೂರ್ತಿ ನಿಂತಿದೆ ಅಂದ್ರೆ ಸೈಲೆಂಟ್. ಸದ್ದು ಇದೆ, ಆದ್ರೆ ಕಮ್ಮಿ ಇದೆ, ಗಲಾಟೆ ಇಲ್ಲ ಅಂದ್ರೆ ಕ್ವಾಯಟ್. ಅಲ್ಲಾಟ ಇಲ್ಲ ಅಂದ್ರೆ ಸ್ಟಿಲ್. ಮನಸ್ಸಲ್ಲಿ ತಳಮಳ ಇಲ್ಲ, ಸಿಟ್ಟಿಲ್ಲ ಅಂದ್ರೆ ಕಾಮ್. ದನಿ ಹೊರಗೆ ಹೋಗ್ತಿಲ್ಲ, ಯಾರೋ ಬಟನ್ ಒತ್ತಿ ನಿಲ್ಸಿದ್ದಾರೆ ಅಂದ್ರೆ ಮ್ಯೂಟ್. ನಡೀತಿದ್ದ ಮಳೆ, ಜಗಳ, ವ್ಯಾಪಾರ ಸ್ವಲ್ಪ ಹೊತ್ತು ಬಿಡುವು ಕೊಟ್ಟಿದೆ ಅಂದ್ರೆ ಲಲ್. "ಮಳೆ ಸ್ವಲ್ಪ ಬಿಟ್ಟಿದೆ, ಈಗ ಹೊರಡೋಣ" ಅನ್ನೋದಕ್ಕೆ "ದೇರ್ಸ್ ಅ ಲಲ್ ಇನ್ ದಿ ರೇನ್" ಅಂತ ಹೇಳ್ಬೋದು.

ಕಾಮ್ ಬಗ್ಗೆ ಒಂದು ಮಾತು. ನಮ್ಮಲ್ಲಿ "ಏಯ್ ಕಾಮ್ ಆಗಿರೋ" ಅಂದ್ರೆ ಬಾಯ್ಮುಚ್ಕೊಂಡಿರು ಅಂತಲೇ ಅರ್ಥ ಆಗೋಗಿದೆ. ಇಂಗ್ಲಿಷಲ್ಲಿ ಹಾಗಲ್ಲ, ಒಬ್ಬ ಮನುಷ್ಯ ಕಾಮ್ ಆಗಿದ್ಕೊಂಡೇ ಒಂದು ಗಂಟೆ ಮಾತಾಡ್ಬೋದು, ಇನ್ನೊಬ್ಬ ಒಳಗೊಳಗೆ ಕುದೀತಾ ಸೈಲೆಂಟಾಗಿ ಕೂತಿರ್ಬೋದು. ಮೀಟಿಂಗಲ್ಲಿ ಆರಾಮಾಗಿ ಮಾತಾಡ್ತಿರೋ ಸಹೋದ್ಯೋಗಿಗೆ "ಪ್ಲೀಸ್ ಬಿ ಕಾಮ್" ಅಂದ್ರೆ ನಾನೇನು ಕೂಗಾಡ್ತಿದ್ದೀನಾ ಅಂತ ಅವರಿಗೆ ಬೇಜಾರಾಗತ್ತೆ.

ನರ್ಸಿಂಗ್‌ನೋರು ಸ್ಟಿಲ್ ಅನ್ನೋದನ್ನ ಗಟ್ಟಿ ಮಾಡ್ಕೊಳ್ಳಲೇಬೇಕು. ಎಕ್ಸ್‌ರೇ, ಎಂಆರ್‌ಐ ತೆಗೆಯೋವಾಗ, ಹೊಲಿಗೆ ಹಾಕೋವಾಗ ರೋಗಿಗೆ "ಕೀಪ್ ಕ್ವಾಯಟ್" ಅಂದ್ರೆ ಅವರು ಬಾಯಿ ಮುಚ್ಚಿ ಕಾಲು ಅಲ್ಲಾಡಿಸ್ತಾನೇ ಇರ್ತಾರೆ, ಜೊತೆಗೆ ನೀವು ಗದರಿಸಿದ್ರಿ ಅಂತ ಅಂದ್ಕೋತಾರೆ. "ಟ್ರೈ ಟು ಕೀಪ್ ಸ್ಟಿಲ್ ಫಾರ್ ಮಿ" ಅನ್ನಿ, ಅದು ಮೆದುವಾಗೂ ಇದೆ, ಬೇಕಾದ ಕೆಲಸನೂ ಆಗತ್ತೆ.

## ಹಂತ 3: ಸೈಲೆಂಟಾ ಕ್ವಾಯಟ್ಟಾ ಅಂತ ತೀರ್ಮಾನ ಮಾಡಿ

ನೂರಕ್ಕೆ ಎಂಬತ್ತು ಸಲ ಗೊಂದಲ ಆಗೋದು ಇಲ್ಲೇ ಅಂತ ನನ್ನ ಅಂದಾಜು, ಅದಕ್ಕೆ ನಿಧಾನವಾಗಿ ನೋಡೋಣ.

ಸೀಲಿಂಗ್ ಫ್ಯಾನ್ ನೆನಪಿಟ್ಕೊಳ್ಳಿ. ಫ್ಯಾನ್ ಮೆಲ್ಲಗೆ ಗುಂಯ್ ಅಂತಿದೆ ಆದ್ರೆ ನಿದ್ದೆಗೆ ತೊಂದ್ರೆ ಇಲ್ಲ, ಅದು ಕ್ವಾಯಟ್ ಫ್ಯಾನ್. ಕರೆಂಟ್ ಹೋಯ್ತು, ಫ್ಯಾನ್ ನಿಂತ್ಹೋಯ್ತು, ಫ್ರಿಜ್ಜೂ ನಿಂತ್ಹೋಯ್ತು, ಆಗ ಮನೆ ಸೈಲೆಂಟ್. ಕ್ವಾಯಟ್ ಅನ್ನೋದಕ್ಕೆ ಹೆಚ್ಚು ಕಮ್ಮಿ ಇದೆ, ವೆರಿ ಕ್ವಾಯಟ್, ಕ್ವಾಯಟರ್, ಸ್ವಲ್ಪ ಕ್ವಾಯಟ್. ಸೈಲೆಂಟ್ ಅನ್ನೋದು ಸಾಮಾನ್ಯವಾಗಿ ಇದ್ರೆ ಇದೆ ಇಲ್ಲಾಂದ್ರೆ ಇಲ್ಲ, "ವೆರಿ ಸೈಲೆಂಟ್" ಅಂದ್ರೆ ಕಿವಿಗೆ ಹಿತವಾಗಿ ಕೇಳ್ಸಲ್ಲ. ಹಾಗಾಗಿ ಪರೀಕ್ಷೆ ಸುಲಭ: ನಿಮ್ಮ ಕನ್ನಡ ವಾಕ್ಯದಲ್ಲಿ "ಸ್ವಲ್ಪ" ಅಥವಾ "ತುಂಬಾ" ಅಂತ ಸೇರಿಸೋಕಾದ್ರೆ ಕ್ವಾಯಟ್ ಹಾಕಿ. ಇನ್ನೊಂದು ಪರೀಕ್ಷೆ, ಮೆಲ್ಲಗೆ ಮಾತಾಡೋದು "ಸ್ಪೀಕ್ ಕ್ವಾಯಟ್ಲಿ" ಆಗತ್ತೆ, "ಸ್ಪೀಕ್ ಸೈಲೆಂಟ್ಲಿ" ಅನ್ನೋಕೆ ಆಗೋದೇ ಇಲ್ಲ, ಮಾತಾಡಿದ್ಮೇಲೆ ಸೈಲೆಂಟ್ ಎಲ್ಲಿಂದ ಬರತ್ತೆ.

ಜಾಗಗಳಿಗೆ ಬಹುಪಾಲು ಕ್ವಾಯಟ್. ಮನೆ ಬಾಡಿಗೆಗೆ ಹಾಕೋವಾಗ "ಸೈಲೆಂಟ್ ಏರಿಯಾ" ಅಂತ ಬರೀತಾರೆ, ಓದಿದೋರಿಗೆ ಅಲ್ಲಿ ಜನಾನೇ ಇಲ್ವೇನೋ ಅನ್ಸತ್ತೆ, "ಕ್ವಾಯಟ್ ನೇಬರ್‌ಹುಡ್" ಅಂತ ಹಾಕಿ. ಅಂಗಡೀಲಿ ಗಿರಾಕಿ ಇಲ್ಲ ಅಂದ್ರೂ ಕ್ವಾಯಟ್: "ಇಟ್ಸ್ ಬೀನ್ ಅ ಕ್ವಾಯಟ್ ಡೇ". ಆದ್ರೆ ಬ್ರಿಟನ್ ಆಸ್ಪತ್ರೆಗೆ ಕೆಲಸಕ್ಕೆ ಹೋಗೋರು ಒಂದು ತಿಳ್ಕೊಳ್ಳಿ. ಎಮರ್ಜೆನ್ಸಿ ವಾರ್ಡಲ್ಲಿ ಡ್ಯೂಟಿ ಮೇಲಿರೋವಾಗ "ಇವತ್ತು ಕ್ವಾಯಟ್ ಆಗಿದೆ" ಅನ್ನೋದು ಅಲ್ಲಿನ ಸಿಬ್ಬಂದಿಗೆ ಅಪಶಕುನ, ಹಾಗಂದ ತಕ್ಷಣ ರೋಗಿಗಳು ಸಾಲುಗಟ್ಟಿ ಬರ್ತಾರೆ ಅನ್ನೋ ನಂಬಿಕೆ ಇದೆ, ಪದನ ಬಾಯಲ್ಲಿ ಹೇಳದೆ ಅದರ ಮೊದಲ ಅಕ್ಷರ ಮಾತ್ರ ಹೇಳಿ "ಕ್ಯೂ ವರ್ಡ್" ಅಂತಾರೆ.

ಸೈಲೆಂಟ್ ಗಟ್ಟಿಯಾಗಿ ಕೂರೋ ಜಾಗಗಳೂ ಇವೆ. ಮೌನ ಮೆರವಣಿಗೆ ಸೈಲೆಂಟ್ ಮಾರ್ಚ್, ಮೌನ ಪ್ರಾರ್ಥನೆ ಸೈಲೆಂಟ್ ಪ್ರೇಯರ್, ಮೂಕಿ ಸಿನಿಮಾ ಸೈಲೆಂಟ್ ಫಿಲ್ಮ್, ಬರೆದ್ರೂ ಉಚ್ಚರಿಸದ ಅಕ್ಷರ ಸೈಲೆಂಟ್ ಲೆಟರ್. ನೋವು ಗೊತ್ತಾಗದೆ ಆಗೋ ಹೃದಯಾಘಾತ ಸೈಲೆಂಟ್ ಹಾರ್ಟ್ ಅಟ್ಯಾಕ್, ಇಲ್ಲಿ ಇಲ್ಲದೇ ಇರೋದು ಲಕ್ಷಣ. ಫೋನ್ ವಿಷಯಕ್ಕೆ "ಮೈ ಫೋನ್ ವಾಸ್ ಆನ್ ಸೈಲೆಂಟ್", ನಾವು ಎಲ್ರೂ "ಇನ್ ಸೈಲೆಂಟ್" ಅಂತೀವಿ, ಅದನ್ನ ಆನ್ ಮಾಡ್ಕೊಳ್ಳಿ.

ಆಸ್ಪತ್ರೆ ಮುಂದೆ "ನಿಶ್ಶಬ್ದ ವಲಯ" ಅಂತ ಬೋರ್ಡ್ ಇರತ್ತಲ್ಲ, ಅದು ಸೈಲೆನ್ಸ್ ಝೋನ್, 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಬರೋ ಕಾನೂನಿನ ಪದ. ಆಸ್ಪತ್ರೆ, ಶಾಲೆ ಕಾಲೇಜು, ಕೋರ್ಟ್ ಸುತ್ತ ಕನಿಷ್ಠ 100 ಮೀಟರ್, ಹಗಲು 50 ಡೆಸಿಬಲ್, ರಾತ್ರಿ 40 ಡೆಸಿಬಲ್ ಮಿತಿ. ಅಂದ್ರೆ ಅಲ್ಲೂ ಸದ್ದು ಸೊನ್ನೆ ಅಲ್ಲ. ಆದ್ರೂ ಕಾನೂನಲ್ಲಿರೋ ಹೆಸರು "ಸೈಲೆನ್ಸ್ ಝೋನ್" ಅಂತಲೇ, ನೀವು ಅದನ್ನ "ಸೈಲೆಂಟ್ ಝೋನ್" ಮಾಡ್ಬೇಡಿ, ಹಾಗೇ ಬಳಸಿ.

ಇನ್ನು "ಸದ್ದಿಲ್ದೆ". "ಸದ್ದಿಲ್ದೆ ಮದುವೆ ಮಾಡ್ಕೊಂಡ್ರು" ಅಂದ್ರೆ ಓಲಗ ಇರ್ಲಿಲ್ಲ ಅಂತಲ್ಲ, ಯಾರಿಗೂ ಹೇಳ್ದೆ, ಆಡಂಬರ ಇಲ್ದೆ ಮಾಡ್ಕೊಂಡ್ರು ಅಂತ. ಅದಕ್ಕೆ "ದೇ ಕ್ವಾಯಟ್ಲಿ ಗಾಟ್ ಮ್ಯಾರೀಡ್". "ಸೈಲೆಂಟ್ಲಿ" ಹಾಕಿದ್ರೆ ಮಂತ್ರ ಹೇಳೋರೂ ಬಾಯಿ ಬಿಡ್ಲಿಲ್ಲ ಅಂತ ಆಗತ್ತೆ. ಕೆಲಸ ಬಿಟ್ಟು ಹೋಗೋದು, ದುಡ್ಡು ಕೊಟ್ಟು ಸಹಾಯ ಮಾಡೋದು, ಬೆಲೆ ಏರಿಸೋದು, ಗಮನಕ್ಕೆ ಬಾರದ ಹಾಗೆ ನಡೆದಿದ್ದಕ್ಕೆಲ್ಲ ಕ್ವಾಯಟ್ಲಿ.

## ಹಂತ 4: ಅದು ಆ ಮನುಷ್ಯನ ಸ್ವಭಾವನಾ, ಆ ಕ್ಷಣದ್ದಾ?

ನನ್ನ ಹತ್ರ ಕಲಿತ ಒಬ್ಬ ಹುಡುಗ ಇಂಟರ್‌ವ್ಯೂನಲ್ಲಿ ತನ್ನ ಬಗ್ಗೆ "ಐ ಆಮ್ ಅ ಸೈಲೆಂಟ್ ಬಾಯ್" ಅಂದ. ಅವನ ಮನಸ್ಸಲ್ಲಿದ್ದಿದ್ದು "ನಾನು ಯಾರ ತಂಟೆಗೂ ಹೋಗಲ್ಲ, ನನ್ನ ಪಾಡಿಗೆ ಕೆಲಸ ಮಾಡ್ತೀನಿ" ಅಂತ. ಕೇಳಿದೋರಿಗೆ ತಲುಪಿದ್ದು "ನಾನು ಮಾತಾಡೋದೇ ಇಲ್ಲ" ಅಂತ, ಟೀಮ್ ಜೊತೆ ಹೇಗೆ ಕೆಲಸ ಮಾಡ್ತೀಯ ಅಂತ ಎರಡು ಸಲ ಕೇಳಿದ್ರಂತೆ. ಅವನ ತಪ್ಪು ಏನಿಲ್ಲ, ಮನೇಲಿ ಎಲ್ರೂ ಅವನನ್ನ ಹೊಗಳೋದೇ "ಹುಡುಗ ತುಂಬಾ ಸೈಲೆಂಟು" ಅಂತ. ಇಂಗ್ಲಿಷಲ್ಲಿ ಸ್ವಭಾವಕ್ಕೆ ಕ್ವಾಯಟ್ ಹೇಳಿ, ಜೊತೆಗೆ ಒಂದು ಒಳ್ಳೆ ಮಾತು ಸೇರಿಸಿ: "ಐಮ್ ಕ್ವಾಯಟ್ ಬೈ ನೇಚರ್, ಬಟ್ ಐ ಲಿಸನ್ ವೆಲ್ ಅಂಡ್ ಐ ಸ್ಪೀಕ್ ಅಪ್ ವೆನ್ ಇಟ್ ಮ್ಯಾಟರ್ಸ್".

ಸ್ವಭಾವಕ್ಕೆ ಇನ್ನೂ ಕೆಲವು ಪದ ಇವೆ, ಒಂದೊಂದರ ಬಣ್ಣ ಬೇರೆ. ರಿಸರ್ವ್ಡ್ ಅಂದ್ರೆ ಮನಸ್ಸಲ್ಲಿರೋದನ್ನ ಬೇಗ ಬಿಚ್ಚಿಡಲ್ಲ, ಇದು ಬೈಗುಳ ಅಲ್ಲ. ಶೈ ಅಂದ್ರೆ ನಾಚಿಕೆ, ಸಂಕೋಚ. ಟ್ಯಾಸಿಟರ್ನ್ ಅಂದ್ರೆ ಮಾತು ತೀರಾ ಕಮ್ಮಿ, ಸ್ವಲ್ಪ ಬಿಗುಮಾನ, ನಮ್ಮಲ್ಲಿ "ಮುಖ ಗಂಟಿಕ್ಕೊಂಡಿರ್ತಾರೆ" ಅಂತೀವಲ್ಲ ಅದರ ಪಕ್ಕದ ಮನೆ. ಲಕಾನಿಕ್ ಅಂದ್ರೆ ಎರಡೇ ಪದದಲ್ಲಿ ವಿಷಯ ಮುಗ್ಸೋರು, ಮಾತು ಕಮ್ಮಿ ಆದ್ರೆ ತೂಕ ಜಾಸ್ತಿ. ರೆಟಿಸೆಂಟ್ ಅಂದ್ರೆ ಒಂದು ನಿರ್ದಿಷ್ಟ ವಿಷಯದ ಬಗ್ಗೆ ಬಾಯಿ ಬಿಡಲ್ಲ, "ಹಿ ಈಸ್ ರೆಟಿಸೆಂಟ್ ಅಬೌಟ್ ಹಿಸ್ ಸ್ಯಾಲರಿ". ಈಗೀಗ ಇದನ್ನ "ಹಿಂಜರಿಯೋದು" ಅನ್ನೋ ಅರ್ಥದಲ್ಲೂ ಬಳಸ್ತಾರೆ, ಪರೀಕ್ಷೇಲಿ ಹಾಗೆ ಬರೀಬೇಡಿ, ಹಿಂಜರಿಯೋದಕ್ಕೆ ರಿಲಕ್ಟೆಂಟ್ ಅಂತ ಬೇರೆ ಪದನೇ ಇದೆ.

ಆ ಕ್ಷಣದ್ದಾದ್ರೆ ಕಾರಣ ನೋಡಿ. ಖುಷಿಗೋ ದುಃಖಕ್ಕೋ ಮಾತೇ ಹೊರಡ್ಲಿಲ್ಲ ಅಂದ್ರೆ ಸ್ಪೀಚ್‌ಲೆಸ್. ಸ್ಟೇಜ್ ಹತ್ತಿದ ತಕ್ಷಣ ನಾಲಿಗೆ ಹೊರಳ್ಲಿಲ್ಲ ಅಂದ್ರೆ ಟಂಗ್-ಟೈಡ್. ಗರ ಬಡಿದೋರ ಥರ ನಿಂತುಬಿಟ್ರು ಅಂದ್ರೆ ಸ್ಟನ್ಡ್. ತುಟಿ ಪಿಟಕ್ ಅನ್ಲಿಲ್ಲ ಅಂದ್ರೆ ಸರಳವಾಗಿ "ಹಿ ಡಿಡಂಟ್ ಸೇ ಅ ವರ್ಡ್", ಇದಕ್ಕಿಂತ ದೊಡ್ಡ ಪದ ಹುಡುಕೋದು ಬೇಡ.

## ಹಂತ 5: ವಾಕ್ಯದಲ್ಲಿ ಪದದ ಜಾಗ ನೋಡಿ

ಸೈಲೆನ್ಸ್ ಅನ್ನೋದು ಒಂದು ವಸ್ತುವಿನ ಹೆಸರಿದ್ದ ಹಾಗೆ, ಮೌನ. ಸೈಲೆಂಟ್ ಅಂದ್ರೆ ಮೌನವಾಗಿರೋ. "ಬಿ" ಅಥವಾ "ಕೀಪ್" ಆದ್ಮೇಲೆ ಸೈಲೆಂಟ್ ಅಥವಾ ಕ್ವಾಯಟ್ ಬರತ್ತೆ, "ಬಿ ಸೈಲೆಂಟ್", "ಕೀಪ್ ಕ್ವಾಯಟ್". ಲೈಬ್ರರಿ ಗೋಡೆಗಳ ಮೇಲಿರೋ "ಕೀಪ್ ಸೈಲೆನ್ಸ್" ಹಳೇ ಕಾಲದ ಬಳಕೆ, ಈಗ "ಸೈಲೆನ್ಸ್, ಪ್ಲೀಸ್" ಸಾಕು. "ದಿ", "ಅ", "ಹಿಸ್" ಥರದ್ದು ಮುಂದೆ ಇದ್ದು ಆಮೇಲೆ ಬೇರೆ ಹೆಸರು ಏನೂ ಇಲ್ಲ ಅಂದ್ರೆ ಸೈಲೆನ್ಸ್: "ಹಿಸ್ ಸೈಲೆನ್ಸ್ ವರೀಡ್ ಮಿ".

ಎಲ್ಲಕ್ಕಿಂತ ಜಾಸ್ತಿ ತಪ್ಪಾಗೋದು ಶ್ರದ್ಧಾಂಜಲಿ ಸಭೆ ವರದಿಗಳಲ್ಲಿ. ಜನವರಿ 30ಕ್ಕೆ ಬೆಳಿಗ್ಗೆ 11 ಗಂಟೆಗೆ ಹುತಾತ್ಮರಿಗೆ ಎರಡು ನಿಮಿಷ ಮೌನ ಆಚರಿಸ್ತೀವಲ್ಲ, ಅದನ್ನ ಬರೆಯೋಕೆ ಎರಡು ದಾರಿ: "ವಿ ಅಬ್ಸರ್ವ್ಡ್ ಟು ಮಿನಿಟ್ಸ್ ಆಫ್ ಸೈಲೆನ್ಸ್" ಅಥವಾ "ವಿ ಅಬ್ಸರ್ವ್ಡ್ ಅ ಟು-ಮಿನಿಟ್ ಸೈಲೆನ್ಸ್". ಎರಡನೇದರಲ್ಲಿ ಮಿನಿಟ್‌ಗೆ ಎಸ್ ಬರಲ್ಲ, ಅದನ್ನ ಗಮನಿಸಿ. ಸಾವಿನ ಸಂದರ್ಭದ ಬರಹ ಇದು, ಇಲ್ಲಿ ತಪ್ಪಾದ್ರೆ ಮನಸ್ಸಿಗೆ ಕಸಿವಿಸಿ ಆಗತ್ತೆ, ಅದಕ್ಕೆ ಎರಡು ಸಲ ನೋಡಿ ಕಳ್ಸಿ.

ಸೈಲೆನ್ಸ್ ಕ್ರಿಯಾಪದವಾಗೂ ಬರತ್ತೆ, ಆದ್ರೆ ಅದರಲ್ಲಿ ಬಲವಂತ ಇದೆ. "ಶಿ ಸೈಲೆನ್ಸ್ಡ್ ಹರ್ ಕ್ರಿಟಿಕ್ಸ್" ಅಂದ್ರೆ ಟೀಕೆ ಮಾಡೋರ ಬಾಯಿ ಮುಚ್ಚಿಸಿದ್ಲು, ಸರಿ. "ಐ ಸೈಲೆನ್ಸ್ಡ್ ದಿ ಬೇಬಿ" ಅಂದ್ರೆ ಕೇಳಿದೋರು ಬೆಚ್ಚಿಬೀಳ್ತಾರೆ. ಮಗುನ ಸಮಾಧಾನ ಮಾಡೋದು "ಕಾಮ್ಡ್" ಅಥವಾ "ಸೂದ್ಡ್". ಗಲಾಟೆ ಮಾಡ್ತಿದ್ದ ಕ್ಲಾಸ್ ತಣ್ಣಗಾಯ್ತು ಅನ್ನೋದಕ್ಕೆ ಬ್ರಿಟಿಷರು "ಕ್ವಾಯಟನ್ಡ್ ಡೌನ್" ಅಂತಾರೆ, ಅಮೆರಿಕದೋರು "ಕ್ವಾಯಟೆಡ್ ಡೌನ್". ಅಮೆರಿಕ ಅಂದಾಗ ನೆನಪಾಯ್ತು, ಅಲ್ಲಿ ಗಾಡಿ ಸೈಲೆನ್ಸರ್‌ಗೆ ಮಫ್ಲರ್ ಅಂತಾರೆ, ಸೈಲೆನ್ಸರ್ ಅಂದ್ರೆ ಬಂದೂಕಿಗೆ ಹಾಕೋದು ಅಂತ ಅಂದ್ಕೋತಾರೆ. ಅಲ್ಲಿ ಗ್ಯಾರೇಜಿಗೆ ಫೋನ್ ಮಾಡೋವಾಗ ಜೋಪಾನ.

## ಹಂತ 6: ಯಾರಿಗೆ ಹೇಳ್ತಿದ್ದೀರ?

ಕನ್ನಡದಲ್ಲಿ "ಸುಮ್ನಿರು", "ಸುಮ್ನಿರಿ" ಅಂತ ಒಂದು "ಇರಿ" ಹಾಕಿದ್ರೆ ಮರ್ಯಾದೆ ಬಂದ್ಬಿಡತ್ತೆ. ಇಂಗ್ಲಿಷಲ್ಲಿ ಆ ಸೌಲಭ್ಯ ಇಲ್ಲ, ಪೂರ್ತಿ ವಾಕ್ಯನೇ ಬದಲಾಯಿಸ್ಬೇಕು. "ಪ್ಲೀಸ್" ಒಂದು ಸೇರಿಸಿದ್ರೆ ಸಾಲಲ್ಲ, "ಪ್ಲೀಸ್ ಕೀಪ್ ಕ್ವಾಯಟ್" ಅಂತ ದೊಡ್ಡೋರಿಗೆ ಹೇಳಿದ್ರೆ ಈಗಲೂ ಮೇಷ್ಟ್ರು ಮಕ್ಕಳಿಗೆ ಹೇಳಿದ ಹಾಗೇ ಇರತ್ತೆ.

"ಶಟ್ ಅಪ್" ಅಂದ್ರೆ ಬಾಯ್ಮುಚ್ಚು, ಆಫೀಸಲ್ಲಿ ಬೇಡವೇ ಬೇಡ. ಸ್ನೇಹಿತರ ಮಧ್ಯೆ ಅದು "ಹೌದಾ! ನಂಬೋಕಾಗ್ತಿಲ್ಲ" ಅನ್ನೋ ಅರ್ಥದಲ್ಲೂ ಬರತ್ತೆ, ಬೇರೆಯೋರು ಹಾಗಂದ್ರೆ ಬೇಜಾರು ಮಾಡ್ಕೋಬೇಡಿ, ಆದ್ರೆ ಚೆನ್ನಾಗಿ ಪಳಗೋ ತನಕ ನೀವು ಬಳಸ್ಬೇಡಿ. ಪಕ್ಕದ ಮನೆಯೋರು ಜೋರಾಗಿ ಹಾಡು ಹಾಕಿದ್ರೆ "ವುಡ್ ಯೂ ಮೈಂಡ್ ಕೀಪಿಂಗ್ ಇಟ್ ಡೌನ್ ಅ ಲಿಟಲ್?". ಮೀಟಿಂಗಲ್ಲಿ ನೀವು ಮಾತಾಡೋವಾಗ ಮಧ್ಯ ಬಾಯಿ ಹಾಕಿದ್ರೆ "ಕುಡ್ ಐ ಜಸ್ಟ್ ಫಿನಿಶ್?", ನೋಡಿ, ಸುಮ್ನಿರಿ ಅನ್ನೋ ಪದನೇ ಇಲ್ಲ, ಆದ್ರೆ ಕೆಲಸ ಆಯ್ತು. ವಿಡಿಯೋ ಕಾಲಲ್ಲಿ ಹಿಂದೆ ಕುಕ್ಕರ್ ವಿಶಲ್ ಕೇಳ್ತಿದ್ರೆ "ಕುಡ್ ಎವ್ರಿವನ್ ಪ್ಲೀಸ್ ಗೋ ಆನ್ ಮ್ಯೂಟ್?", ಅಲ್ಲಿ "ಬಿ ಸೈಲೆಂಟ್" ಅಂದ್ರೆ ಗದರಿಸಿದ ಹಾಗೆ.

ಇಲ್ಲಿ ಆಗೋ ತಪ್ಪು: "ಡೋಂಟ್ ಮೇಕ್ ಸೌಂಡ್". ಗಲಾಟೆಗೆ ಇಂಗ್ಲಿಷಲ್ಲಿ ನಾಯ್ಸ್. ಸೌಂಡ್ ಅಂದ್ರೆ ಹಕ್ಕಿ ಕೂಗೂ ಸೌಂಡೇ, ಕೊಳಲೂ ಸೌಂಡೇ.

## ಹಂತ 7: ಜೊತೆಗಾರ ಪದಗಳನ್ನ ಒಟ್ಟಿಗೇ ಕಲೀರಿ

ಇಂಗ್ಲಿಷಲ್ಲಿ ಮೌನ "ಬೀಳತ್ತೆ", ಮೌನ "ಮುರಿಯತ್ತೆ". ಮಾತಾಡ್ತಿದ್ದೋರು ಸುಮ್ನಾಗ್ಬಿಟ್ರು ಅನ್ನೋದಕ್ಕೆ ನಾವು "ಬಿಕೇಮ್ ಸೈಲೆಂಟ್" ಅಂತೀವಿ, ಅವರು "ಫೆಲ್ ಸೈಲೆಂಟ್" ಅಥವಾ "ವೆಂಟ್ ಕ್ವಾಯಟ್" ಅಂತಾರೆ. ಮೌನ ಮುರಿದ್ರು ಅನ್ನೋದು ಎರಡೂ ಕಡೆ ಒಂದೇ, "ಬ್ರೋಕ್ ದಿ ಸೈಲೆನ್ಸ್".

ಯಾವ ಥರದ ಮೌನ ಅಂತಲೂ ಹೇಳ್ಬೋದು. ಮುಜುಗರದ್ದು ಆಕ್ವರ್ಡ್, ಸಿಟ್ಟಿನದ್ದು ಸ್ಟೋನಿ, ಎದೆ ಝಲ್ ಅನ್ಸೋದು ಈರಿ. ಮೇಲ್ ಹಾಕಿ ಎರಡು ವಾರ ಆದ್ರೂ ಉತ್ತರ ಇಲ್ಲ ಅಂದ್ರೆ ರೇಡಿಯೋ ಸೈಲೆನ್ಸ್, ಇದು ಆಫೀಸ್ ಮಾತಲ್ಲಿ ದಿನಾ ಬರತ್ತೆ. "ಪಿನ್ ಡ್ರಾಪ್ ಸೈಲೆನ್ಸ್" ನಮ್ಮ ದೇಶದಲ್ಲಿ ಎಲ್ರಿಗೂ ಗೊತ್ತು, ಹೊರಗಡೆ "ಯೂ ಕುಡ್ ಹಿಯರ್ ಅ ಪಿನ್ ಡ್ರಾಪ್" ಅಂತ ಪೂರ್ತಿ ವಾಕ್ಯವಾಗಿ ಹೇಳ್ತಾರೆ.

"ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ" ಅನ್ನೋದನ್ನ "ಶಿ ಲೆಫ್ಟ್ ಟಾಕಿಂಗ್" ಅಂತ ಮಾಡ್ಬೇಡಿ. "ಶಿ ಈಸ್ ನಾಟ್ ಸ್ಪೀಕಿಂಗ್ ಟು ಮಿ". ಬೇಕಂತಲೇ ಶಿಕ್ಷೆ ಥರ ಮಾತು ಬಿಟ್ಟಿದ್ರೆ "ಶಿ ಈಸ್ ಗಿವಿಂಗ್ ಮಿ ದಿ ಸೈಲೆಂಟ್ ಟ್ರೀಟ್‌ಮೆಂಟ್", ಮಕ್ಕಳು ಟೂ ಬಿಡೋದರ ದೊಡ್ಡೋರ ರೂಪ.

ಕಾಗದ ಪತ್ರದ ಭಾಷೇಲಿ ಎರಡು ಕಲ್ತಿಟ್ಕೊಳ್ಳಿ, ತುಂಬಾ ಉಪಯೋಗಕ್ಕೆ ಬರತ್ತೆ. ಬಾಡಿಗೆ ಅಗ್ರಿಮೆಂಟಲ್ಲಿ ಪೇಂಟಿಂಗ್ ಖರ್ಚು ಯಾರದ್ದು ಅಂತ ಬರೆದೇ ಇಲ್ಲ ಅಂದ್ರೆ "ದಿ ಅಗ್ರಿಮೆಂಟ್ ಈಸ್ ಸೈಲೆಂಟ್ ಆನ್ ಪೇಂಟಿಂಗ್ ಚಾರ್ಜಸ್" ಅಂತ ಬರೀಬೇಕು, ಇಲ್ಲಿ ಸೈಲೆಂಟ್ ಬಿಟ್ಟು ಕ್ವಾಯಟ್ ಬರೋದೇ ಇಲ್ಲ. ಇನ್ನೊಂದು ಟ್ಯಾಸಿಟ್. ಮೌನಂ ಸಮ್ಮತಿ ಲಕ್ಷಣಂ ಅಂತೀವಲ್ಲ, ಬಾಯಲ್ಲಿ ಹೇಳ್ದೆ ಒಪ್ಪಿದ ಆ ಒಪ್ಪಿಗೆ "ಟ್ಯಾಸಿಟ್ ಕನ್ಸೆಂಟ್". ಈ ಪದ ಮನುಷ್ಯರಿಗೆ ಹಾಕೋಕಾಗಲ್ಲ, "ಹಿ ಈಸ್ ಟ್ಯಾಸಿಟ್" ತಪ್ಪು. ಒಪ್ಪಿಗೆ, ತಿಳುವಳಿಕೆ, ಬೆಂಬಲ ಇಂಥವಕ್ಕೆ ಮಾತ್ರ.

## ಹಂತ 8: ಕೈ ಸುಡೋ ಪದಗಳನ್ನ ಬೇರೆ ಇಡಿ

ಡಂಬ್. ಹಿಂದೆ ಇದಕ್ಕೆ ಮಾತು ಬಾರದೋರು ಅನ್ನೋ ಅರ್ಥ ಇತ್ತು, ಹಳೇ ಬೋರ್ಡುಗಳಲ್ಲಿ ಇನ್ನೂ ಕಾಣತ್ತೆ. ಈಗ ಮನುಷ್ಯರಿಗೆ ಹೇಳಿದ್ರೆ ಅವಮಾನ, ಯಾಕಂದ್ರೆ ಇವತ್ತಿನ ಮಾತಲ್ಲಿ ಅದರ ಅರ್ಥ ದಡ್ಡ ಅಂತ. ಮನುಷ್ಯರಿಗೆ ಮ್ಯೂಟ್ ಅನ್ನೋದೂ ಬೇಡ. ಕಿವಿ ಕೇಳದೋರಿಗೆ ಡೆಫ್ ಅಂತ ಹೇಳಿದ್ರೆ ಸಾಕು, ಸೈನ್ ಲ್ಯಾಂಗ್ವೇಜಲ್ಲಿ ಅವರು ನಮ್ಮಷ್ಟೇ ಮಾತಾಡ್ತಾರೆ, ಅವರನ್ನ ಮೂಕರು ಅನ್ನೋದೇ ತಪ್ಪು. ಬೇರೆ ಕಾರಣಕ್ಕೆ ಮಾತಾಡೋಕಾಗದೋರಿಗೆ "ಕಾಂಟ್ ಸ್ಪೀಕ್" ಅಥವಾ "ನಾನ್-ಸ್ಪೀಕಿಂಗ್". ಈ ಒಂದು ವಿಷಯದಲ್ಲಿ ನಾನು ಕ್ಲಾಸಲ್ಲಿ ಯಾರನ್ನೂ ರಿಯಾಯ್ತಿಯಿಂದ ಬಿಡಲ್ಲ.

ಮಮ್. ಪೇಪರ್ ಹೆಡ್‌ಲೈನಲ್ಲಿ "ಮಿನಿಸ್ಟರ್ ಮಮ್" ಅಂತ ಓದಿರ್ತೀರ, ಬಾಯಿ ಬಿಡ್ಲಿಲ್ಲ ಅಂತ. ಆಡುಮಾತಿಗೆ "ಕೀಪ್ ಮಮ್" ಸರಿ, ಅರ್ಜಿಗೆ ಪರೀಕ್ಷೆಗೆ ಬೇಡ. ಬ್ರಿಟನ್ನಲ್ಲಿ ಮಮ್ ಅಂದ್ರೆ ಅಮ್ಮ ಕೂಡ.

ಹಶ್. ಮಗುಗೆ ಹೇಳಿದ್ರೆ ಮುದ್ದು. "ಹಶ್ ಅಪ್" ಆದ ತಕ್ಷಣ ಪ್ರಕರಣ ಮುಚ್ಚಿಹಾಕೋದು ಅಂತ ಆಗತ್ತೆ, "ಹಶ್ ಮನಿ" ಅಂದ್ರೆ ಬಾಯಿ ಮುಚ್ಚಿಸೋಕೆ ಕೊಡೋ ದುಡ್ಡು.

ಮೂಕಪ್ರೇಕ್ಷಕ ಅನ್ನೋದಕ್ಕೆ ನಮ್ಮ ಇಂಗ್ಲಿಷ್ ಪೇಪರ್‌ಗಳು "ಮ್ಯೂಟ್ ಸ್ಪೆಕ್ಟೇಟರ್" ಬಳಸ್ತಾವೆ, ಹೊರಗಿನೋರಿಗೆ ಬರೆಯೋದಾದ್ರೆ "ದೇ ಜಸ್ಟ್ ಸ್ಟುಡ್ ಬೈ ಅಂಡ್ ವಾಚ್ಡ್" ಅಂತ ಬರೀರಿ.

## ಹಂತ 9: ಸ್ಪೆಲ್ಲಿಂಗ್ ಮತ್ತು ಉಚ್ಚಾರಣೆ ಕೊನೇಲಿ ನೋಡಿ

ಕ್ವಾಯಟ್ ಬರೆಯೋಕೆ ಹೋಗಿ ಕ್ವೈಟ್ ಬರೆಯೋದು, ಅಂದ್ರೆ "ತುಂಬಾ, ಸಾಕಷ್ಟು" ಅನ್ನೋ ಪದ. ಎರಡೂ ನಿಜವಾದ ಪದಗಳೇ ಆಗಿರೋದ್ರಿಂದ ಸ್ಪೆಲ್ ಚೆಕ್ ಕೆಂಪು ಗೆರೆ ಹಾಕಲ್ಲ, ತಪ್ಪು ಹಾಗೇ ಮೇಲಲ್ಲಿ ಹೊರಟೋಗತ್ತೆ. ನೆನಪಿಡೋಕೆ ಪ್ರಾಸ ಹಿಡೀರಿ. ಡಯಟ್, ಕ್ವಾಯಟ್ – ಎರಡೂ ಐ-ಇ-ಟಿ ಇಂದ ಮುಗಿಯತ್ತೆ. ವೈಟ್, ಕ್ವೈಟ್ – ಎರಡೂ ಐ-ಟಿ-ಇ. ಬಾಯಲ್ಲೂ ಹಾಗೇ, ಕ್ವಾ-ಯಟ್ ಎರಡು ತುಂಡು, ಕ್ವೈಟ್ ಒಂದೇ ತುಂಡು. ಫೋನಲ್ಲಿ ಎರಡನ್ನೂ ರೆಕಾರ್ಡ್ ಮಾಡಿ ಡಿಕ್ಷನರಿ ದನಿ ಪಕ್ಕ ಇಟ್ಟು ಕೇಳಿ, ಎರಡೂ ಒಂದೇ ಥರ ಕೇಳಿದ್ರೆ ಇನ್ನೂ ಸ್ವಲ್ಪ ದಿನ ಅಭ್ಯಾಸ ಬೇಕು.

ಕಾಮ್ ಬರೆಯೋವಾಗ ಎಲ್ ಇದೆ, ಹೇಳೋವಾಗ ನುಂಗಿ. ಲಿಸನ್‌ನಲ್ಲಿ ಟಿ ಸೈಲೆಂಟ್.

## ತಪ್ಪು ದಾರಿ ಹಿಡಿದಿದ್ದೀರ ಅಂತ ಗೊತ್ತಾಗೋದು ಹೇಗೆ

ನಿಮ್ಮ ಬಗ್ಗೆ ಹೇಳ್ಕೊಂಡ ತಕ್ಷಣ ಎದುರಿಗಿರೋರು "ಆರ್ ಯೂ ಓಕೆ?" ಅಂತ ಕೇಳಿದ್ರೆ ನೀವು ಕ್ವಾಯಟ್ ಅನ್ನೋ ಕಡೆ ಸೈಲೆಂಟ್ ಅಂದಿದ್ದೀರ. ಆಫೀಸ್ ಚಾಟಲ್ಲಿ "ಓಕೆ, ಐ ವಿಲ್ ಬಿ ಸೈಲೆಂಟ್" ಅಂತ ಹಾಕಿದ್ಮೇಲೆ ಎಲ್ರೂ ಸಾರಿ ಕೇಳೋಕೆ ಶುರು ಮಾಡಿದ್ರೆ ಅದು ಮುನಿಸು ಅಂತ ತಲುಪಿದೆ, ನೀವು ಹೇಳ್ಬೇಕಿದ್ದಿದ್ದು "ಓಕೆ, ಗೋ ಅಹೆಡ್". ನಿಮ್ಮ ಒಂದೇ ಪುಟದಲ್ಲಿ ಸೈಲೆಂಟ್ ಅನ್ನೋದು ನಾಲ್ಕು ಸಲ ಬಂದಿದ್ರೆ, ಎರಡನೇ ಹಂತ ಮಾಡಿಲ್ಲ ಅಂತಲೇ ಲೆಕ್ಕ.

## ಹಂತ 10: ಒಂದು ವಾಕ್ಯನ ಪೂರ್ತಿ ದಾಟಿಸಿ ನೋಡಿ

ನಮ್ಮ ಕ್ಲಾಸಿಗೆ ಬರೋ ಒಬ್ಬ ಅಮ್ಮ ಇದ್ದಾರೆ, ಮಗ ಸೊಸೆ ಹೊರದೇಶದಲ್ಲಿ, ಸೊಸೆಗೆ ಕನ್ನಡ ಬರಲ್ಲ. ರಜೆಗೆ ಬಂದು ಮೂರು ವಾರ ಇದ್ದು ವಾಪಸ್ ಹೋದ್ಮೇಲೆ ಸೊಸೆಗೆ "ನೀವು ಹೋದ್ಮೇಲೆ ಮನೆ ಬಿಕೋ ಅಂತಿದೆ" ಅಂತ ಮೆಸೇಜ್ ಮಾಡ್ಬೇಕಿತ್ತು. ಟೈಪ್ ಮಾಡಿದ್ದು "ಹೌಸ್ ಈಸ್ ಸೈಲೆನ್ಸ್ ಆಫ್ಟರ್ ಯೂ ವೆಂಟ್". ಕಳ್ಸೋಕೆ ಮುಂಚೆ ನನಗೆ ತೋರಿಸಿದ್ರು, ಇಬ್ರೂ ಕೂತು ಹಂತ ಹಂತವಾಗಿ ಮಾಡಿದ್ವಿ.

ಬಿಕೋ ಅನ್ನೋದನ್ನ ಬಿಡಿಸಿದ್ವಿ: ಸದ್ದಿಲ್ಲ ಅನ್ನೋದಕ್ಕಿಂತ ಜಾಸ್ತಿ ಜನ ಇಲ್ಲ, ಮನಸ್ಸಿಗೆ ಖಾಲಿ. ಏನು ಇಲ್ಲ ಅಂತ ಕೇಳಿದ್ವಿ: ಮನೆಯೋರ ಸದ್ದಿದೆ, ಟಿವಿ ಸದ್ದಿದೆ, ಸೊಸೆ ನಗು ಇಲ್ಲ. ಸದ್ದು ಸೊನ್ನೆ ಅಲ್ಲ, ಹಾಗಾಗಿ ಕ್ವಾಯಟ್. "ಈಸ್" ಆದ್ಮೇಲೆ ಸೈಲೆನ್ಸ್ ಕೂರಲ್ಲ, ಅದೂ ಸರಿಹೋಯ್ತು. ಹೇಳ್ತಿರೋದು ಮಗಳಂಥ ಸೊಸೆಗೆ, ಅಂದ್ರೆ ಮನೆ ಮಾತಿನ ಥರ ಇರ್ಬೇಕು. "ಆಫ್ಟರ್ ಯೂ ವೆಂಟ್" ಬದಲು ಕ್ವಾಯಟ್ ಜೊತೆ ಸಹಜವಾಗಿ ಬರೋದು "ವಿದೌಟ್ ಯೂ". ಕೊನೇಲಿ ಸ್ಪೆಲ್ಲಿಂಗ್, ಡಯಟ್ ನೆನಪು ಮಾಡ್ಕೊಂಡು ಅವರೇ ಒಂದೊಂದೇ ಅಕ್ಷರ ಒತ್ತಿದ್ರು.

"ದಿ ಹೌಸ್ ಈಸ್ ಸೋ ಕ್ವಾಯಟ್ ವಿದೌಟ್ ಯೂ." ಕಳ್ಸಿ ಹತ್ತು ನಿಮಿಷಕ್ಕೆ ಆ ಕಡೆಯಿಂದ ಫೋನೇ ಬಂತು.